ಅಳತೆಯ ಅಳತೆ: ಕೈಗಾರಿಕಾ ಗುಣನಿಯಂತ್ರಣದಲ್ಲಿ ಮಾಪನ ವ್ಯವಸ್ಥೆಯ ಪರೀಕ್ಷೆ

ಹಬ್ಬದ ದಿನ ಪೇಟೆಯಲ್ಲಿ ಹೂಮಾಲೆ ಕೊಳ್ಳುವ ಗೃಹಿಣಿಯು ಮಾರುವವಳ ಕೈಯ ಉದ್ದವನ್ನೊಮ್ಮೆ ನೋಡಿಯೇ ವ್ಯಾಪಾರಕ್ಕೆ ತೊಡಗುವುದುಂಟು. ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಂತರ. ಹೆಸರು ಒಂದೇ ಆದರೂ ಅಳೆಯುವ ಕೈ ಬದಲಾದೊಡನೆ ಮೊಳವೂ ಬದಲಾಗುತ್ತದೆ. ಅದೇ ಕೈಯೇ ಬೆಳಗಿನ ಬಿಡುವಿನ ಹೊತ್ತಿನಲ್ಲಿ ಅಳೆದ ಮೊಳಕ್ಕೂ ಸಂಜೆಯ ಗಡಿಬಿಡಿಯಲ್ಲಿ ಅಳೆದ ಮೊಳಕ್ಕೂ ಎರಡು ಬೆರಳು ವ್ಯತ್ಯಾಸ ಬೀಳುವುದುಂಟು. ಈ ಸಾಮಾನ್ಯ ಅನುಭವದಲ್ಲಿಯೇ ಆಧುನಿಕ ಗುಣನಿಯಂತ್ರಣ ಶಾಸ್ತ್ರದ ಒಂದು ಗಂಭೀರ ಪ್ರಶ್ನೆ ಅಡಗಿದೆ. ವಸ್ತುವನ್ನು ಅಳೆದು ತೀರ್ಪು ನೀಡುವ ಮುನ್ನ, ಆ ಅಳತೆ ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನು ಅಳೆದು ನೋಡಲಾಗಿದೆಯೇ?

1956ರ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆಯ ಮೂಲಕ ಭಾರತವು ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಅದು ಬಳಕೆಗೆ ಬಂದು, ಸೇರು, ಪಾವು, ಕೊಳಗಗಳ ಸ್ಥಾನದಲ್ಲಿ ದೇಶದಾದ್ಯಂತ ಒಂದೇ ಮಾನ ನೆಲೆಗೊಂಡಿತು. ಆದರೆ ಮಾನ ಒಂದಾದ ಮಾತ್ರಕ್ಕೆ ಅಳತೆಗಳೆಲ್ಲ ಒಂದಾಗುವುದಿಲ್ಲ. ಮಿಲಿಮೀಟರು ಎಲ್ಲರಿಗೂ ಒಂದೇ ಆಗಿದ್ದರೂ ಅದನ್ನು ಓದುವ ಕಣ್ಣು, ಉಪಕರಣವನ್ನು ಹಿಡಿಯುವ ಕೈ, ಅಳೆಯುವ ಸ್ಥಳದ ಉಷ್ಣತೆ ಇವು ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಗ್ರೀನಿಚ್ಚಿನ ಪಾಠ

ಈ ಸತ್ಯವನ್ನು ಮೊದಲು ಎತ್ತಿ ತೋರಿದ್ದು ಕಾರ್ಖಾನೆಯಲ್ಲ, ಖಗೋಳ ವೀಕ್ಷಣಾಲಯ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದವನು ನೆವಿಲ್ ಮ್ಯಾಸ್ಕಲಿನ್. ಡೇವಿಡ್ ಕಿನ್ನೆಬ್ರೂಕ್ ಎಂಬ ಯುವಕ ಅವನ ಸಹಾಯಕ. ನಕ್ಷತ್ರವೊಂದು ದೂರದರ್ಶಕದೊಳಗಿನ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುವುದು ಅವರ ನಿತ್ಯದ ಕಾರ್ಯ. ಕಿವಿಯಿಂದ ಗಡಿಯಾರದ ಟಿಕ್ ಟಿಕ್ ಶಬ್ದವನ್ನು ಎಣಿಸುತ್ತ, ಕಣ್ಣಿನಿಂದ ನಕ್ಷತ್ರದ ಚಲನೆಯನ್ನು ಹಿಂಬಾಲಿಸುತ್ತ, ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಕಾಲವನ್ನು ಅಂದಾಜು ಮಾಡಬೇಕಾಗಿತ್ತು. 1795ರ ಆಗಸ್ಟಿನಲ್ಲಿ ಸಹಾಯಕನ ಅಳತೆಗಳು ತನ್ನವುಗಳಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗಿರುವುದನ್ನು ಮ್ಯಾಸ್ಕಲಿನ್ ಗಮನಿಸಿ ಎಚ್ಚರಿಸಿದನು. ಕಿನ್ನೆಬ್ರೂಕನು ತಿದ್ದಿಕೊಳ್ಳಲು ಯತ್ನಿಸಿದರೂ ವ್ಯತ್ಯಾಸ ತಗ್ಗಲಿಲ್ಲ. ಬದಲಿಗೆ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗಕ್ಕೆ ಏರಿತು. 1796ರಲ್ಲಿ ಅವನು ಕೆಲಸವನ್ನು ಕಳೆದುಕೊಂಡನು.

ಕೆಲವು ವರ್ಷಗಳ ತರುವಾಯ ಕ್ಯೋನಿಗ್ಸ್‌ಬೆರ್ಗಿನ ಖಗೋಳಜ್ಞ ಬೆಸೆಲ್ ಈ ಘಟನೆಯ ವೃತ್ತಾಂತವನ್ನು ಓದಿ ಯೋಚನೆಗೊಳಗಾದನು. ತಪ್ಪು ನಿಜವಾಗಿಯೂ ಸಹಾಯಕನದೇ, ಅಥವಾ ಪ್ರತಿಯೊಬ್ಬ ವೀಕ್ಷಕನಿಗೂ ಅವನದೇ ಆದ ಸ್ಥಿರವಾದ ವ್ಯತ್ಯಾಸವೊಂದಿರುವುದೇ? 1820ರ ದಶಕದಲ್ಲಿ ಅವನು ತನ್ನ ಅಳತೆಗಳನ್ನು ಇತರ ನುರಿತ ಖಗೋಳಜ್ಞರ ಅಳತೆಗಳೊಂದಿಗೆ ಹೋಲಿಸಿದನು. ಪ್ರಖ್ಯಾತ ವೀಕ್ಷಕ ಆರ್ಗೆಲಾಂಡರನಿಗೂ ಅವನಿಗೂ ನಡುವೆ ಒಂದು ಸೆಕೆಂಡಿಗಿಂತಲೂ ಹೆಚ್ಚಿನ ಅಂತರ ಕಂಡುಬಂದಿತು. ಕಿನ್ನೆಬ್ರೂಕನನ್ನು ಹೊರಹಾಕಲು ಕಾರಣವಾದ ವ್ಯತ್ಯಾಸಕ್ಕಿಂತಲೂ ಇದು ಅಧಿಕ! ಇಬ್ಬರಲ್ಲಿ ಯಾರನ್ನೂ ಅಲಕ್ಷ್ಯದ ದೋಷಕ್ಕೆ ಗುರಿಮಾಡುವಂತಿರಲಿಲ್ಲ. ಅಳತೆಯಲ್ಲಿ ಅಳೆಯುವವನ ಪಾಲೂ ಸೇರಿರುತ್ತದೆಂಬ ಸತ್ಯ ಹೀಗೆ ಶಾಸ್ತ್ರೀಯವಾಗಿ ಸ್ಥಾಪಿತವಾಯಿತು. ಆದರೆ ಅಷ್ಟರಲ್ಲಿ ಕಿನ್ನೆಬ್ರೂಕನು ಬದುಕಿರಲಿಲ್ಲ. 1802ರಲ್ಲಿಯೇ ಅವನು ತೀರಿಕೊಂಡಿದ್ದನು.

ಕಾರ್ಖಾನೆಯಲ್ಲಿ ಅಳತೆಯ ಪಾತ್ರ

ಯಂತ್ರದಲ್ಲಿ ತಯಾರಾಗುವ ಎರಡು ವಸ್ತುಗಳು ಎಂದಿಗೂ ಪೂರ್ಣವಾಗಿ ಒಂದೇ ಆಗಿರಲಾರವು. ಆದುದರಿಂದಲೇ ನಕಾಶೆಯಲ್ಲಿ ಶಾಫ್ಟಿನ ವ್ಯಾಸ 25 ಮಿ.ಮೀ. ಎಂದು ಮಾತ್ರ ಬರೆಯದೆ, ಅದು 24.95ರಿಂದ 25.05 ಮಿ.ಮೀ.ವರೆಗೆ ಇರಬಹುದೆಂದು ಮಿತಿಯನ್ನೂ ಸೂಚಿಸುತ್ತಾರೆ. ಈ 0.10 ಮಿ.ಮೀ. ಅಂತರವೇ ಸಹ್ಯಮಿತಿ, ಕಾರ್ಖಾನೆಯವರ ಮಾತಿನಲ್ಲಿ ಟಾಲರೆನ್ಸ್. ತಪಾಸಣೆಗಾರನು ಮೈಕ್ರೋಮೀಟರಿನಿಂದ ಅಳೆದು, ಮಿತಿಯೊಳಗಿದ್ದರೆ ಸ್ವೀಕರಿಸುತ್ತಾನೆ, ಮೀರಿದ್ದರೆ ತಿರಸ್ಕರಿಸುತ್ತಾನೆ.

ಇಲ್ಲಿ ಸಾಮಾನ್ಯವಾಗಿ ಮರೆಯಲಾಗುವ ಸಂಗತಿಯೊಂದಿದೆ. ತಪಾಸಣೆಯ ಪುಸ್ತಕದಲ್ಲಿ ಕಾಣುವ ಏರುಪೇರು ಕೇವಲ ಶಾಫ್ಟುಗಳದಲ್ಲ. ಶಾಫ್ಟುಗಳ ನಿಜವಾದ ಏರುಪೇರಿನೊಡನೆ ಅಳತೆಯ ಏರುಪೇರೂ ಬೆರೆತಿರುತ್ತದೆ. ಇವೆರಡೂ ಕೂಡುವ ರೀತಿಯೂ ಸ್ವಾರಸ್ಯಕರ. ಸಂಖ್ಯಾಶಾಸ್ತ್ರದಲ್ಲಿ ಏರುಪೇರನ್ನು ಮಾನಕ ವಿಚಲನೆಯೆಂಬ ಸಂಖ್ಯೆಯಿಂದ ಸೂಚಿಸುವರು. ಎರಡು ಸ್ವತಂತ್ರ ಕಾರಣಗಳ ವಿಚಲನೆಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಲಂಬಕೋನ ತ್ರಿಭುಜದ ಎರಡು ಭುಜಗಳಿಂದ ಕರ್ಣವು ದೊರೆಯುವಂತೆಯೇ ಇದೂ. ವಸ್ತುವಿನ ವಿಚಲನೆ 3, ಅಳತೆಯ ವಿಚಲನೆ 4 ಆಗಿದ್ದರೆ ಪುಸ್ತಕದಲ್ಲಿ ಕಾಣುವುದು 7 ಅಲ್ಲ, 5. ಇಂತಹ ಸ್ಥಿತಿಯಲ್ಲಿ ಹೊಸ ಲೇತು ಯಂತ್ರವನ್ನು ತಂದು ವಸ್ತುವಿನ ವಿಚಲನೆಯನ್ನು ಅರ್ಧಕ್ಕಿಳಿಸಿದರೂ ಕಾಣುವ ವಿಚಲನೆ ಸುಮಾರು 4.3ಕ್ಕೆ ಮಾತ್ರ ಇಳಿಯುತ್ತದೆ. ಅದೇ ಅಳತೆಯ ವಿಚಲನೆಯನ್ನು ಅರ್ಧಕ್ಕಿಳಿಸಿದರೆ 3.6ಕ್ಕೆ ಬರುತ್ತದೆ. ಯಾವ ಭುಜ ದೊಡ್ಡದೆಂಬುದನ್ನು ಅರಿಯದೆ ಹಣ ವ್ಯಯಿಸುವುದು ವ್ಯರ್ಥವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಳತೆ ಸಡಿಲವಾಗಿದ್ದರೆ ಮೂರು ಬಗೆಯ ಹಾನಿ ಸಂಭವಿಸುತ್ತದೆ. ಒಳ್ಳೆಯ ವಸ್ತು ಗುಜರಿಯ ರಾಶಿಗೆ ಸೇರುವುದು ಮೊದಲನೆಯದು. ಕೆಟ್ಟ ವಸ್ತು ಒಳ್ಳೆಯದೆಂಬ ಮುದ್ರೆಯೊಂದಿಗೆ ಗಿರಾಕಿಯ ಕೈ ಸೇರುವುದು ಎರಡನೆಯದು; ಆ ವಸ್ತು ವಾಹನದ ಬ್ರೇಕಿನ ಭಾಗವಾಗಿದ್ದಲ್ಲಿ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಅಷ್ಟಾಗಿ ಕಣ್ಣಿಗೆ ಬೀಳದ್ದು. ಸರಿಯಾಗಿಯೇ ನಡೆಯುತ್ತಿರುವ ಯಂತ್ರವನ್ನು, ಒಂದು ಅಳತೆ ಮೇಲೆ ಬಂದಿತೆಂದು ಕೆಳಗೆ, ಮತ್ತೊಂದು ಕೆಳಗೆ ಬಂದಿತೆಂದು ಮೇಲೆ ತಿರುಗಿಸುತ್ತ ಹೋಗುವ ಕೆಲಸಗಾರನು ತಾನು ತಿದ್ದುತ್ತಿರುವೆನೆಂದೇ ಭಾವಿಸಿರುತ್ತಾನೆ. ಸ್ಥಿರವಾದ ಯಂತ್ರವನ್ನು ಪ್ರತಿ ಅಳತೆಯ ನಂತರವೂ ಅಷ್ಟಕ್ಕಷ್ಟೇ ಹಿಂದಕ್ಕೆ ತಿರುಗಿಸಿದರೆ ವಿಚಲನೆಯ ವರ್ಗವು ಇಮ್ಮಡಿಯಾಗುತ್ತದೆಂದು ಗಣಿತ ತೋರಿಸುತ್ತದೆ. ಶ್ರದ್ಧೆಯಿಂದ ದುಡಿದಷ್ಟೂ ಕೆಲಸ ಕೆಡುವ ವಿಚಿತ್ರ ಸನ್ನಿವೇಶವಿದು.

ದೋಷದ ಬಗೆಗಳು

ಅಳತೆಯ ದೋಷಗಳಲ್ಲಿ ಮೊದಲನೆಯದು ಒಲವು. ಹತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ಪ್ರತಿ ಸಲವೂ ಹತ್ತು ಗ್ರಾಂ ಹೆಚ್ಚನ್ನೇ ತೋರಿಸುತ್ತದೆ. ಗೊತ್ತಾದ ಪ್ರಮಾಣವಸ್ತುವಿನೊಡನೆ ಹೋಲಿಸಿ ಇದನ್ನು ಪತ್ತೆಹಚ್ಚಿ ತಿದ್ದಬಹುದು. ಮಾಪನಾಂಕನ, ಅಂದರೆ ಕ್ಯಾಲಿಬ್ರೇಶನ್, ಮಾಡುವ ಕಾರ್ಯ ಮುಖ್ಯವಾಗಿ ಇದೇ. ಒಲವು ಕಾಲಕ್ರಮದಲ್ಲಿ ಬದಲಾಗುತ್ತ ಹೋದರೆ ಅದು ಅಸ್ಥಿರತೆ. ಸಣ್ಣ ಅಳತೆಯಲ್ಲಿ ಸರಿಯಿದ್ದು ದೊಡ್ಡ ಅಳತೆಯಲ್ಲಿ ತಪ್ಪುವುದು ಇನ್ನೊಂದು ಬಗೆ.

ಇವುಗಳಿಗಿಂತ ಭಿನ್ನವಾದ ಇನ್ನೆರಡು ಗುಣಗಳಿವೆ. ಒಬ್ಬನೇ ವ್ಯಕ್ತಿ, ಒಂದೇ ಉಪಕರಣದಿಂದ, ಒಂದೇ ವಸ್ತುವನ್ನು ಪುನಃ ಪುನಃ ಅಳೆದಾಗ ಅಳತೆಗಳು ಎಷ್ಟು ಸಮೀಪವಿರುತ್ತವೆ ಎಂಬುದು ಮೊದಲನೆಯದು. ಇದನ್ನು ಕೈಗಾರಿಕಾ ವಲಯದಲ್ಲಿ ರಿಪೀಟಬಿಲಿಟಿ ಎನ್ನುವರು, ಪುನರಾವೃತ್ತಿಯ ಗುಣವೆನ್ನಬಹುದು. ಬೇರೆ ಬೇರೆ ವ್ಯಕ್ತಿಗಳು ಅದೇ ಉಪಕರಣದಿಂದ ಅದೇ ವಸ್ತುವನ್ನು ಅಳೆದಾಗ ಅವರ ಸರಾಸರಿಗಳು ಎಷ್ಟು ಹೊಂದುತ್ತವೆ ಎಂಬುದು ಎರಡನೆಯದು. ಇದು ರೀಪ್ರೊಡ್ಯೂಸಿಬಿಲಿಟಿ, ಪರಸ್ಪರ ಹೊಂದಿಕೆಯ ಗುಣ. ಹೂವಾಡಗಿತ್ತಿಯ ನಿದರ್ಶನದಲ್ಲಿ, ಒಬ್ಬಳೇ ಬೆಳಿಗ್ಗೆ ಮತ್ತು ಸಂಜೆ ಅಳೆದ ಮೊಳಗಳ ವ್ಯತ್ಯಾಸ ಮೊದಲನೆಯದಕ್ಕೂ, ಇಬ್ಬರು ಹೂವಾಡಗಿತ್ತಿಯರ ಮೊಳಗಳ ವ್ಯತ್ಯಾಸ ಎರಡನೆಯದಕ್ಕೂ ಸೇರುತ್ತದೆ.

ಗೋಡೆಯ ಮೇಲೆ ಮಾಪನಾಂಕನದ ಪ್ರಮಾಣಪತ್ರ ತೂಗುತ್ತಿದ್ದರೆ ಸಾಕೆಂದು ನಂಬಿರುವ ಕಾರ್ಖಾನೆಗಳು ಅನೇಕ. ಆ ಪತ್ರ ಹೇಳುವುದು ಉಪಕರಣವು ಪ್ರಯೋಗಾಲಯದ ತಂಪಿನಲ್ಲಿ, ತಜ್ಞನ ಕೈಯಲ್ಲಿ ಹೇಗೆ ವರ್ತಿಸಿತೆಂಬುದನ್ನು ಮಾತ್ರ. ಎಣ್ಣೆ ಮೆತ್ತಿದ ಕೈಗಳಲ್ಲಿ, ರಾತ್ರಿ ಪಾಳಿಯ ಮಂದ ಬೆಳಕಿನಲ್ಲಿ ಅದೇ ಉಪಕರಣ ಹೇಗೆ ವರ್ತಿಸುವುದೆಂಬುದನ್ನು ಅದು ಹೇಳಲಾರದು. ಉಷ್ಣತೆಯ ವಿಚಾರವೂ ಹಾಗೆಯೇ. ಉದ್ದದ ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಬೇಸಗೆಯ ಮಧ್ಯಾಹ್ನ ಕಾರ್ಖಾನೆಯೊಳಗೆ 35 ಡಿಗ್ರಿ ಇದ್ದು, 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡನ್ನು ಉಕ್ಕಿನ ಉಪಕರಣದಿಂದ ಅಳೆದರೆ, ಎರಡು ಲೋಹಗಳ ಹಿಗ್ಗುವಿಕೆಯ ಅಂತರವೊಂದರಿಂದಲೇ ಸುಮಾರು 0.017 ಮಿ.ಮೀ. ವ್ಯತ್ಯಾಸ ಉಂಟಾಗುತ್ತದೆ. ಇದು ಯಾರ ತಪ್ಪೂ ಅಲ್ಲ; ಆದರೆ ಗಮನಿಸದಿದ್ದರೆ ಯಾರದೋ ತಲೆಗೆ ಬಂದು ಕೂಡುತ್ತದೆ.

ಪರೀಕ್ಷೆಯ ವಿಧಾನ

ಮಾಪನ ವ್ಯವಸ್ಥೆಯನ್ನು ಪರೀಕ್ಷಿಸುವ ಕ್ರಮಕ್ಕೆ ಗೇಜ್ ಆರ್ ಅಂಡ್ ಆರ್ ಎಂಬ ಹೆಸರು ರೂಢಿಯಲ್ಲಿದೆ. ಅಮೆರಿಕದ ಮೋಟಾರು ವಾಹನ ಉದ್ಯಮದವರು 1990ರಲ್ಲಿ ಇದಕ್ಕೊಂದು ಕೈಪಿಡಿಯನ್ನು ಪ್ರಕಟಿಸಿದರು. 2010ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂದಿತು. ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಲೋಕದ ಅನೇಕ ಕಾರ್ಖಾನೆಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ.

ವಿಧಾನವು ಸರಳ. ಸಾಮಾನ್ಯವಾಗಿ ಹತ್ತು ವಸ್ತುಗಳನ್ನು ಆಯ್ದು, ಮೂವರು ತಪಾಸಣೆಗಾರರಿಂದ ತಲಾ ಮೂರು ಬಾರಿ ಅಳೆಯಿಸಲಾಗುತ್ತದೆ. ಒಟ್ಟು ತೊಂಬತ್ತು ಅಳತೆಗಳು. ಆದರೆ ಸರಳವಾದ ಈ ವಿಧಾನದ ಹಿಂದೆ ಕೆಲವು ಕಟ್ಟುನಿಟ್ಟುಗಳಿವೆ. ಒಂದೇ ಗಂಟೆಯಲ್ಲಿ ತಯಾರಾದ, ಒಂದರಂತೆ ಒಂದಿರುವ ಹತ್ತು ವಸ್ತುಗಳನ್ನು ಆರಿಸಬಾರದು. ಬೇರೆ ಬೇರೆ ದಿನಗಳಲ್ಲಿ ತಯಾರಾಗಿ, ನಿತ್ಯದ ಏರುಪೇರನ್ನೆಲ್ಲ ಪ್ರತಿನಿಧಿಸುವಂತಹವು ಬೇಕು. ಅಳೆಯುವವರು ಪ್ರತಿದಿನ ಆ ಕೆಲಸವನ್ನು ಮಾಡುವವರೇ ಆಗಿರಬೇಕು. ಪರೀಕ್ಷೆಗೆಂದು ಅತ್ಯಂತ ಕುಶಲನನ್ನು ಕರೆತಂದರೆ ಫಲಿತಾಂಶ ಸುಂದರವಾಗಿರಬಹುದು, ಸತ್ಯವಾಗಿರಲಾರದು. ವಸ್ತುಗಳ ಗುರುತಿನ ಸಂಖ್ಯೆ ಅಳೆಯುವವನಿಗೆ ಕಾಣಿಸಬಾರದು. ಪ್ರತಿ ಸುತ್ತಿನಲ್ಲೂ ಅನುಕ್ರಮವನ್ನು ಬದಲಿಸಬೇಕು. ಏಕೆಂದರೆ ಹಿಂದಿನ ಅಳತೆ ನೆನಪಿದ್ದವನು ತನಗರಿವಿಲ್ಲದೆಯೇ ಅದೇ ಸಂಖ್ಯೆಯತ್ತ ವಾಲುವುದು ಮನುಷ್ಯಸ್ವಭಾವ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಇದು ತಮ್ಮನ್ನು ಹಿಡಿದು ಶಿಕ್ಷಿಸಲು ಹೂಡಿದ ತಂತ್ರವೆಂಬ ಭಯ ತಪಾಸಣೆಗಾರರಲ್ಲಿ ಇರಬಾರದು. ಭಯವಿದ್ದಲ್ಲಿ ಅಳತೆಗಳು ಕಾಗದದ ಮೇಲೆ ಹೊಂದಿಕೊಳ್ಳುತ್ತವೆ, ವಸ್ತುವಿನ ಮೇಲಲ್ಲ.

ಒಂದು ನಿದರ್ಶನ

ಲೆಕ್ಕದ ರೀತಿ ಸ್ಪಷ್ಟವಾಗಲು ಮೇಲೆ ಹೇಳಿದ 25 ಮಿ.ಮೀ. ಶಾಫ್ಟಿನ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ತಪಾಸಣೆಗಾರನು ಒಂದು ಶಾಫ್ಟನ್ನು ಮೂರು ಬಾರಿ ಅಳೆದಾಗ ದೊರೆತ ಗರಿಷ್ಠ ಮತ್ತು ಕನಿಷ್ಠ ಅಳತೆಗಳ ಅಂತರಕ್ಕೆ ವ್ಯಾಪ್ತಿಯೆಂದು ಹೆಸರು. ಇಂತಹ ಮೂವತ್ತು ವ್ಯಾಪ್ತಿಗಳ ಸರಾಸರಿ 0.010 ಮಿ.ಮೀ. ಆಗಿರಲಿ. ಮೂರು ಬಾರಿಯ ಅಳತೆಗೆ ಸಂಖ್ಯಾಶಾಸ್ತ್ರಜ್ಞರು ನೀಡಿರುವ ಗುಣಕ 0.5908. ಇದರಿಂದ ಗುಣಿಸಿದರೆ ಪುನರಾವೃತ್ತಿಯ ವಿಚಲನೆ 0.0059 ಮಿ.ಮೀ. ದೊರೆಯುತ್ತದೆ.

ಮೂವರು ತಪಾಸಣೆಗಾರರ ಸರಾಸರಿಗಳು ಕ್ರಮವಾಗಿ 25.012, 25.010 ಮತ್ತು 25.000 ಮಿ.ಮೀ. ಆಗಿರಲಿ. ಗರಿಷ್ಠ ಅಂತರ 0.012. ಮೂವರಿಗೆ ಸಲ್ಲುವ ಗುಣಕ 0.5231ರಿಂದ ಗುಣಿಸಿ, ಅದರಲ್ಲಿ ಸೇರಿರುವ ಪುನರಾವೃತ್ತಿಯ ಅಲ್ಪಾಂಶವನ್ನು ಕಳೆದರೆ, ವ್ಯಕ್ತಿಗಳ ನಡುವಣ ವಿಚಲನೆ 0.0062 ಮಿ.ಮೀ. ಆಗುತ್ತದೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಮಾಪನ ವ್ಯವಸ್ಥೆಯ ಒಟ್ಟು ವಿಚಲನೆ 0.0086 ಮಿ.ಮೀ. ಬಹುಪಾಲು ಎಲ್ಲ ಅಳತೆಗಳೂ ವಿಚಲನೆಯ ಆರು ಪಟ್ಟು ಅಗಲದೊಳಗೆ ಬರುವುದರಿಂದ, ಈ ಅಗಲ ಸುಮಾರು 0.051 ಮಿ.ಮೀ. ಸಹ್ಯಮಿತಿಯಾದ 0.10 ಮಿ.ಮೀ.ನಲ್ಲಿ ಇದು ಶೇಕಡಾ 51.

ರೂಢಿಯ ನಿಯಮದಂತೆ ಈ ಪ್ರಮಾಣ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ವ್ಯವಸ್ಥೆ ಉತ್ತಮ. 10ರಿಂದ 30ರವರೆಗೆ ಇದ್ದರೆ, ವಸ್ತುವಿನ ಮಹತ್ವ ಮತ್ತು ಸುಧಾರಣೆಯ ವೆಚ್ಚಗಳನ್ನು ವಿವೇಚಿಸಿ ಒಪ್ಪಬಹುದು. 30ನ್ನು ಮೀರಿದರೆ ಸುಧಾರಣೆ ಅನಿವಾರ್ಯ. ನಿದರ್ಶನದ ಕಾರ್ಖಾನೆಯಲ್ಲಿ ಸಹ್ಯಮಿತಿಯ ಅರ್ಧಭಾಗವನ್ನು ಅಳತೆಯೇ ನುಂಗಿಹಾಕಿದೆ!

ಈ ಹಂತದಲ್ಲಿ ಅವಸರದ ಮೇಲಧಿಕಾರಿಯು ಮೂರನೆಯ ತಪಾಸಣೆಗಾರನತ್ತ ಬೆರಳು ತೋರಿಸಬಹುದು. ಅವನ ಅಳತೆಗಳಷ್ಟೇ ಕಡಿಮೆಯಾಗಿವೆ. ಆದರೆ ಮೂವರಲ್ಲಿ ಇಬ್ಬರು ಒಂದೆಡೆ ಇದ್ದ ಮಾತ್ರಕ್ಕೆ ಸತ್ಯವೂ ಅಲ್ಲಿಯೇ ಇರಬೇಕೆಂದಿಲ್ಲ. ವ್ಯಾಸ ಮೊದಲೇ ನಿಶ್ಚಿತವಾಗಿರುವ ಪ್ರಮಾಣವಸ್ತುವೊಂದನ್ನು ಮೂವರಿಂದಲೂ ಅಳೆಯಿಸಿದಾಗಲೇ ಯಾರು ಸರಿಯೆಂಬುದು ತಿಳಿಯುತ್ತದೆ. ಅನಂತರ ಅವರು ಅಳೆಯುವ ರೀತಿಯನ್ನು ಹತ್ತಿರ ನಿಂತು ನೋಡಬೇಕು. ಮೈಕ್ರೋಮೀಟರಿನ ತುದಿಯಲ್ಲಿ ರಾಚೆಟ್ ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ಬಳಸಿದರೆ ಒತ್ತಡ ಪ್ರತಿ ಸಲವೂ ಸಮನಾಗಿರುತ್ತದೆ. ಮೂರನೆಯವನು ಅದನ್ನು ಬಳಸದೆ ಕೈಯಿಂದಲೇ ಬಿಗಿಗೊಳಿಸುತ್ತಿದ್ದರೆ ಅಳತೆ ಕಡಿಮೆ ಬರುವುದು ಸಹಜ. ಅವನಿಗೆ ಹಾಗೆ ಮಾಡಬಾರದೆಂದು ಯಾರೂ ತಿಳಿಸಿಯೇ ಇರಲಿಕ್ಕಿಲ್ಲ. ಅಳೆಯುವ ಕ್ರಮವನ್ನು ಬರೆದು ಮೂವರಿಗೂ ಕಲಿಸಿ, 0.01 ಮಿ.ಮೀ. ಓದುವ ಉಪಕರಣದ ಬದಲು 0.001 ಮಿ.ಮೀ. ಓದುವುದನ್ನು ನೀಡಿದ ಬಳಿಕ, ಸರಾಸರಿ ವ್ಯಾಪ್ತಿ 0.004ಕ್ಕೂ ಸರಾಸರಿಗಳ ಅಂತರ 0.002ಕ್ಕೂ ಇಳಿದರೆ, ಅದೇ ಲೆಕ್ಕದಂತೆ ಪ್ರಮಾಣ ಶೇಕಡಾ 15ಕ್ಕೆ ಬರುತ್ತದೆ. ಲೇತು ಅದೇ, ಶಾಫ್ಟುಗಳು ಅವೇ, ಕೆಲಸಗಾರರೂ ಅವರೇ. ಸುಧಾರಿಸಿದ್ದು ಅಳತೆ ಮಾತ್ರ.

ಲೆಕ್ಕವು ಕಾರಣದ ದಿಕ್ಕನ್ನೂ ಸೂಚಿಸುತ್ತದೆ. ಪುನರಾವೃತ್ತಿಯ ಪಾಲು ದೊಡ್ಡದಾಗಿದ್ದರೆ ಉಪಕರಣದ ಸವೆತ, ವಸ್ತುವನ್ನು ಹಿಡಿದಿಡುವ ಸಾಧನದ ಸಡಿಲತೆ ಇವುಗಳತ್ತ ನೋಡಬೇಕು. ವ್ಯಕ್ತಿಗಳ ನಡುವಣ ಪಾಲು ದೊಡ್ಡದಾಗಿದ್ದರೆ ಶಿಕ್ಷಣ ಮತ್ತು ಕಾರ್ಯವಿಧಾನದತ್ತ ನೋಡಬೇಕು. ಎಳೆದು ಮುರಿದು ಬಲವನ್ನು ಪರೀಕ್ಷಿಸುವ ಲೋಹದ ತುಂಡುಗಳಂತಹವನ್ನು ಎರಡನೆಯ ಬಾರಿ ಅಳೆಯಲು ಸಾಧ್ಯವಿಲ್ಲ. ಅಲ್ಲಿ ಒಂದೇ ಎರಕದಿಂದ ಬಂದ ತುಂಡುಗಳನ್ನು ಸಮಾನವೆಂದು ಭಾವಿಸಿ ಮುಂದುವರಿಯಬೇಕಾಗುತ್ತದೆ. ಬಣ್ಣ, ಗೀರು, ಹೊಳಪುಗಳನ್ನು ಕಣ್ಣಿನಿಂದಲೇ ನೋಡಿ ತೀರ್ಮಾನಿಸುವ ಕಡೆಗಳಲ್ಲಿ, ತಪಾಸಣೆಗಾರರು ಎಷ್ಟು ಬಾರಿ ಪರಸ್ಪರ ಒಪ್ಪಿದರೆಂಬುದನ್ನು ಎಣಿಸಲಾಗುತ್ತದೆ.

ಭಾರತದಲ್ಲಿ ಈ ಶಾಸ್ತ್ರ

ಗುಣನಿಯಂತ್ರಣ ನಕ್ಷೆಯನ್ನು 1924ರಲ್ಲಿ ರೂಪಿಸಿದ ಅಮೆರಿಕದ ವಾಲ್ಟರ್ ಶ್ಯೂಹಾರ್ಟ್, ಪ್ರೊ. ಪಿ. ಸಿ. ಮಹಲನೋಬಿಸರ ಆಹ್ವಾನದ ಮೇರೆಗೆ 1947-48ರಲ್ಲಿ ಭಾರತಕ್ಕೆ ಬಂದಿದ್ದರು. ಮುಂದೆ 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಬೆಂಗಳೂರು ಸೇರಿದಂತೆ ಕೈಗಾರಿಕಾ ನಗರಗಳಲ್ಲಿ ಗುಣನಿಯಂತ್ರಣ ಘಟಕಗಳನ್ನು ತೆರೆಯಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಗೊಂಡ ಬೆಂಗಳೂರಿನಲ್ಲಿಯೇ, 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ ಹುಟ್ಟಿತು.

ಏರುಪೇರನ್ನು ಅದರ ಮೂಲಗಳಿಗನುಸಾರವಾಗಿ ಬಿಡಿಸಿ ಅಂದಾಜು ಮಾಡುವ ಗಣಿತಕ್ಕೆ ಅಮೂಲ್ಯ ಕಾಣಿಕೆ ನೀಡಿದವರಲ್ಲಿ ಡಾ. ಸಿ. ಆರ್. ರಾವ್ ಒಬ್ಬರು. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಅವರು 1970ರ ದಶಕದ ಆರಂಭದಲ್ಲಿ ಇದಕ್ಕೊಂದು ಸಾಮಾನ್ಯ ಸಿದ್ಧಾಂತವನ್ನು ಮಂಡಿಸಿದರು. ನೂರಾ ಎರಡು ವರ್ಷಗಳ ದೀರ್ಘವಾದ ಜೀವನವನ್ನು ಸವೆಸಿ 2023ರಲ್ಲಿ ಅವರು ನಿಧನರಾದರು.

ಶಾಲೆಗೂ ಸಲ್ಲುವ ಮಾತು

ಅಳೆದು ತೀರ್ಪು ಕೊಡುವ ಕಾರ್ಯ ಕಾರ್ಖಾನೆಗೆ ಮಾತ್ರ ಸೀಮಿತವಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ಹಾರ್ಟೊಗ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಪರೀಕ್ಷೆಗಳನ್ನೇ ಪರೀಕ್ಷೆಗೊಳಪಡಿಸಿ ವರದಿಯೊಂದನ್ನು ಪ್ರಕಟಿಸಿದರು. ಇತಿಹಾಸದ ಹದಿನೈದು ಉತ್ತರಪತ್ರಿಕೆಗಳನ್ನು ಹದಿನಾಲ್ವರು ಅನುಭವಿ ಪರೀಕ್ಷಕರು ಒಮ್ಮೆ ತಿದ್ದಿದ್ದರು. ಒಂದು ವರ್ಷ ಮೀರಿದ ಮೇಲೆ, ಹಿಂದಿನ ಅಂಕಗಳನ್ನು ತೋರಿಸದೆ, ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಡಲಾಯಿತು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಪತ್ರಿಕೆ ಅದೇ, ಪರೀಕ್ಷಕನೂ ಅವನೇ. ಉತ್ತೀರ್ಣ, ಅನುತ್ತೀರ್ಣಗಳ ತೀರ್ಪು ಮಾತ್ರ ಬೇರೆ. ಶಾಫ್ಟಿನ ವಿಷಯದಲ್ಲಿ ಪುನರಾವೃತ್ತಿಯ ದೋಷವೆನಿಸಿದ್ದು ಇಲ್ಲಿ ಒಂದು ಮಗುವಿನ ಒಂದು ವರ್ಷವಾಗಿ ಪರಿಣಮಿಸುತ್ತದೆ. ಮಾದರಿ ಉತ್ತರಗಳನ್ನು ಸಿದ್ಧಪಡಿಸುವುದು, ವಿದ್ಯಾರ್ಥಿಯ ಹೆಸರನ್ನು ಮರೆಮಾಡುವುದು, ಕೆಲವು ಪತ್ರಿಕೆಗಳನ್ನು ಇನ್ನೊಬ್ಬರಿಂದಲೂ ತಿದ್ದಿಸಿ ಹೋಲಿಸುವುದು ಇವೆಲ್ಲ ಕಾರ್ಖಾನೆಯ ಕಟ್ಟುನಿಟ್ಟುಗಳ ಸೋದರ ರೂಪಗಳೇ.

ಏರುಪೇರಿಲ್ಲದ ಅಳತೆಯನ್ನು ಮನುಷ್ಯನು ಎಂದಿಗೂ ಸಾಧಿಸಲಾರನು. ಆದರೆ ತನ್ನ ಅಳತೆಯ ಏರುಪೇರು ಎಷ್ಟೆಂಬುದನ್ನು ಅವನು ತಿಳಿಯಬಲ್ಲನು. ತಿಳಿದು, ಅದರ ಮಿತಿಯೊಳಗೆ ನಿಂತು ಮಾತನಾಡಬಲ್ಲನು. ಕಿನ್ನೆಬ್ರೂಕನ ಅಳತೆಯನ್ನು ತೂಗಿದ ಮ್ಯಾಸ್ಕಲಿನ್ ಶ್ರದ್ಧಾವಂತ ವಿಜ್ಞಾನಿಯೇ. ಅನ್ಯಾಯದ ಉದ್ದೇಶ ಅವನಿಗಿರಲಿಲ್ಲ. ತನ್ನ ಅಳತೆಯನ್ನೂ ತಕ್ಕಡಿಗೆ ಹಾಕಬೇಕೆಂಬ ಯೋಚನೆಯೊಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ವಸ್ತುವನ್ನಾಗಲಿ ವ್ಯಕ್ತಿಯನ್ನಾಗಲಿ ತಿರಸ್ಕರಿಸುವ ಮುನ್ನ ಅಳೆದ ಕೋಲನ್ನೊಮ್ಮೆ ಅಳೆದು ನೋಡುವುದು ಗುಣನಿಯಂತ್ರಣದ ಮೊದಲ ಕರ್ತವ್ಯ.